ಬಸಿರಿನ ಕೊನೆಯ ತಿಂಗಳು: ಕೆಲಸಕ್ಕೆ ರಜೆ ಯಾವಾಗ?

“ಫಿಟ್ ಇದ್ದೀನಿ ಅಂತ ಒಂದು ಚೀಟಿ ಬರ್ಕೊಡಿ ಮೇಡಂ, ಸಾಕು.”

ಎದುರಿಗೆ ಕುಳಿತಿದ್ದವಳಿಗೆ 24 ವರ್ಷ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕಿಂಗ್ ವಿಭಾಗದ ಕೆಲಸ. ಚೊಚ್ಚಲ ಬಸಿರು, 33 ವಾರ ತುಂಬಿತ್ತು. ಹೆರಿಗೆ ರಜೆಯನ್ನು ಈಗಲೇ ಮುಗಿಸಿಕೊಳ್ಳುತ್ತ ಹೋದರೆ ಮಗು ಹುಟ್ಟಿದ ಮೇಲೆ ಉಳಿಯುವುದು ಕಡಿಮೆ ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ರಕ್ತದೊತ್ತಡ ನೋಡಿದೆ, 128/82. ಮಗುವಿನ ಎದೆಬಡಿತ ಸರಿಯಾಗಿತ್ತು. ಕಾಲು ಸ್ವಲ್ಪ ಬಾತಿತ್ತು. ಈ ತಿಂಗಳಲ್ಲಿ ಯಾರ ಕಾಲು ಬಾತಿರುವುದಿಲ್ಲ? ಚೀಟಿ ಬರೆದುಕೊಟ್ಟು, “15 ದಿನ ಬಿಟ್ಟು ಬಾಮ್ಮ” ಎಂದು ಕಳಿಸಿದೆ.

ಅವಳು 15 ದಿನಕ್ಕೆ ಬರಲಿಲ್ಲ. 20ನೆಯ ದಿನ ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದವಳನ್ನು ಇಬ್ಬರು ಜೊತೆಗಾತಿಯರು ನೇರವಾಗಿ ಕ್ಲಿನಿಕ್ಕಿಗೆ ಕೈಹಿಡಿದು ಕರೆತಂದರು. ಎರಡು ದಿನದಿಂದ ತಲೆನೋವು, ಕಣ್ಣ ಮುಂದೆ ಮಿಣುಕು ಮಿಣುಕು. ರಕ್ತದೊತ್ತಡ 170/110. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಧಾರಾಳವಾಗಿತ್ತು. ಇದು ಗರ್ಭಿಣಿಯರಿಗೆ ಬರುವ ನಂಜು. ನಾವು ವೈದ್ಯರು ಪ್ರಿಎಕ್ಲಾಂಪ್ಸಿಯಾ ಎನ್ನುತ್ತೇವೆ. ಇನ್ನೊಂದು ಹೆಜ್ಜೆ ಮುಂದೆ ಹೋದರೆ ಫಿಟ್ಸ್. ಒತ್ತಡ ಇಳಿಸುವ ಮಾತ್ರೆ ಕೊಟ್ಟು, 108ಕ್ಕೆ ಫೋನ್ ಮಾಡಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಫಿಟ್ಸ್ ಬರದಂತೆ ಮೆಗ್ನೀಷಿಯಂ ಇಂಜೆಕ್ಷನ್ ಕೊಟ್ಟು ಮಾರನೆಯ ದಿನ ಹೆರಿಗೆ ಮಾಡಿಸಿದರು. ಹೆಣ್ಣು ಮಗು, 2.1 ಕಿಲೋ. ತಾಯಿ ಮಗು ಇಬ್ಬರೂ ಉಳಿದರು. ಉಳಿಯದೇ ಇರಬಹುದಿತ್ತು.

ಕೆಲಸಕ್ಕೆ ಹೋದದ್ದರಿಂದ ಅವಳಿಗೆ ನಂಜು ಬಂತೆಂದು ನೀವು ತಿಳಿಯಬಾರದು. ನಂಜಿನ ಬೇರು ಇರುವುದು ಮಾಸಿನಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲೇ ಅದು ಸರಿಯಾಗಿ ಬೇರೂರದಿದ್ದರೆ ಕೊನೆಯ ತಿಂಗಳುಗಳಲ್ಲಿ ಒತ್ತಡ ಏರುತ್ತದೆ. ಮನೆಯಲ್ಲಿ ಹಾಸಿಗೆ ಬಿಟ್ಟೇಳದೆ ಮಲಗಿದ್ದವಳಿಗೂ ಬರುತ್ತದೆ. ಆದರೆ ಕೆಲಸ ಇಲ್ಲಿ ಬೇರೊಂದು ತೊಂದರೆ ಮಾಡಿತ್ತು. ಕಾಲು ಬಾತದ್ದು ನಿಂತು ನಿಂತು ಎಂದು ಅವಳು ಭಾವಿಸಿದಳು. ತಲೆನೋವು ಮೆಷಿನ್ನುಗಳ ಸದ್ದಿನಿಂದ, ಕಣ್ಣು ಮಂಜಾದದ್ದು ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಹೊಲಿಗೆ ನೋಡಿ ನೋಡಿ. ದೇಹ ಕೂಗಿ ಹೇಳಿದ್ದನ್ನೆಲ್ಲ ಅವಳು ಕೆಲಸದ ಖಾತೆಗೆ ಬರೆದುಕೊಂಡಳು. ತಪಾಸಣೆಗೆ ಬರಬೇಕಾದ ದಿನ ಟಾರ್ಗೆಟ್ ಇತ್ತು, ಬರಲಿಲ್ಲ. ನನ್ನ ತಪ್ಪೂ ಇದೆ. ಅವಳ ಹೊಟ್ಟೆ ನೋಡಿದೆ, ಒತ್ತಡ ನೋಡಿದೆ. ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೀ, ರಜೆ ಕೇಳಿದರೆ ಕೊಡುತ್ತಾರಾ ಎಂದು ಕೇಳಲಿಲ್ಲ. ಎರಡು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕಿತ್ತು.

ಅಂದಿನಿಂದ “ಎಷ್ಟನೇ ತಿಂಗಳವರೆಗೆ ಕೆಲಸಕ್ಕೆ ಹೋಗಬಹುದು?” ಎಂದು ಯಾರಾದರೂ ಕೇಳಿದರೆ ನಾನು ತಿಂಗಳು ಹೇಳುವುದಿಲ್ಲ. ಕೆಲಸ ಎಂಥದು ಎಂದು ಕೇಳುತ್ತೇನೆ.

ಕೆಲಸ ಎಂಥದು?

ಬಸಿರು ಕಾಯಿಲೆಯಲ್ಲ ಎಂಬ ಮಾತನ್ನು ನೀವು ಕೇಳಿದ್ದೀರಿ. ನಿಜ. ತೊಂದರೆಯಿಲ್ಲದ ಬಸಿರಿನಲ್ಲಿ, ಹಗುರವಾದ ಕೆಲಸವನ್ನು 36, 37ನೆಯ ವಾರದವರೆಗೆ, ಕೆಲವರು ಅದಕ್ಕಿಂತ ಮುಂದೆಯೂ ಮಾಡಬಹುದು. ಅದರಿಂದ ಮಗುವಿಗೆ ಕೆಡುಕಿಲ್ಲ. ಆದರೆ ದಿನವಿಡೀ ನಿಂತೇ ಇರುವುದು, ಭಾರ ಎತ್ತುವುದು, ರಾತ್ರಿ ಪಾಳಿ, ವಾರಕ್ಕೆ 40 ಗಂಟೆ ಮೀರಿದ ದುಡಿಮೆ ಇವು ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಸ್ವಲ್ಪ ಎಂಬ ಮಾತನ್ನು ಗಮನಿಸಿ. ಹೆದರಬೇಕಾಗಿಲ್ಲ, ಉಪೇಕ್ಷಿಸಲೂಬಾರದು.

ನಾನು ನೋಡುವುದು ಮುಖ್ಯವಾಗಿ ನಾಲ್ಕು ಸಂಗತಿ. ಬೇಕೆನಿಸಿದಾಗ ಕುಳಿತುಕೊಳ್ಳಲು ಆ ಕೆಲಸದಲ್ಲಿ ಅವಕಾಶವಿದೆಯೆ? ನೀರು ಕುಡಿದು ಶೌಚಾಲಯಕ್ಕೆ ಹೋಗಿಬರಲು ಯಾರ ಅಪ್ಪಣೆಯನ್ನಾದರೂ ಕಾಯಬೇಕೆ? ತಪಾಸಣೆಯ ದಿನ ರಜೆ ಸಿಗುತ್ತದೆಯೆ? ಕೆಲಸದ ನಡುವೆ ಏನಾದರೂ ಆದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆ ಸೇರಬಹುದೆ? ನಾಲ್ಕಕ್ಕೂ ಅನುಕೂಲವಾದ ಉತ್ತರ ಬಂದರೆ, ಒತ್ತಡ, ರಕ್ತ, ಮಗುವಿನ ಬೆಳವಣಿಗೆ ಸರಿಯಿದ್ದರೆ, ಹೋಗಿ ಬನ್ನಿ ಎನ್ನುತ್ತೇನೆ. ಒಂದಕ್ಕೆ ಇಲ್ಲವೆಂದು ಬಂದರೂ ಮೊದಲು ಕೆಲಸ ಬದಲಿಸಲು ನೋಡಿ, ಆಗದಿದ್ದರೆ ಬೇಗ ನಿಲ್ಲಿಸಿ.

ಎರಡನೆಯ ಪ್ರಶ್ನೆ ಕೇಳಿ ಕೆಲವರು ನಗುತ್ತಾರೆ. ನಗುವ ವಿಷಯವಲ್ಲ. ಶೌಚಾಲಯ ದೂರವಿದೆ, ಕೊಳಕಾಗಿದೆ, ಅಥವಾ ಎದ್ದು ಹೋದರೆ ಸೂಪರ್‌ವೈಸರ್ ಗೊಣಗುತ್ತಾರೆ ಎಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ಬಸುರಿಯರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ. ಶಾಲಾ ಶಿಕ್ಷಕಿಯರು, ಬಸ್ಸಿನ ಕಂಡಕ್ಟರುಗಳು, ಅಂಗಡಿಗಳಲ್ಲಿ ಸೀರೆ ತೋರಿಸುವ ಹುಡುಗಿಯರು ಎಲ್ಲರೂ ಇದರಲ್ಲಿದ್ದಾರೆ. ಮೂತ್ರ ಕಟ್ಟಿಕೊಂಡು ನೀರು ಬಿಟ್ಟರೆ ಸೋಂಕು ತಗಲುತ್ತದೆ. ಬಸಿರಿನಲ್ಲಿ ಆ ಸೋಂಕು ಮೂತ್ರಪಿಂಡಕ್ಕೆ ಏರುವುದು ಬೇಗ. ಚಳಿಜ್ವರ ಬಂದು, ಅದರ ಹಿಂದೆಯೇ ಅವಧಿಗೆ ಮುಂಚೆ ಹೆರಿಗೆ ನೋವೂ ಬರಬಹುದು. ಉರಿಮೂತ್ರವೆಂದು ಎಳನೀರು ಕುಡಿದು ಸುಮ್ಮನಾಗಬೇಡಿ, ಮೂತ್ರ ಪರೀಕ್ಷೆ ಮಾಡಿಸಿ.

ಕುಳಿತು ಮಾಡುವ ಕೆಲಸವೆಲ್ಲ ಸುಖದ್ದೆಂದೂ ಅಲ್ಲ. ಕಂಪ್ಯೂಟರ್ ಮುಂದೆ ನಾಲ್ಕು ಗಂಟೆ ಅಲುಗಾಡದೆ ಕುಳಿತರೆ ಸೊಂಟ ಹಿಡಿಯುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಿ.

ವೈದ್ಯರಿಂದ ಚೀಟಿ ಕೇಳುವಾಗ ‘ಫಿಟ್’ ಎಂಬ ಒಂದು ಮಾತಿಗೆ ತೃಪ್ತರಾಗಬೇಡಿ. ‘ಕುಳಿತು ಮಾಡುವ ಕೆಲಸ ಕೊಡುವುದು, ರಾತ್ರಿ ಪಾಳಿ ಬೇಡ, ಎರಡು ಗಂಟೆಗೊಮ್ಮೆ ಬಿಡುವು’ ಎಂದು ಬರೆಸಿಕೊಳ್ಳಿ. ಹಾಗೆ ಬರೆಯಲು ನಮಗೇನೂ ಕಷ್ಟವಿಲ್ಲ. ಕೇಳುವವರು ಕಡಿಮೆ.

ರಜೆಯ ಲೆಕ್ಕ

ದಿನದ ಲೆಕ್ಕ ಸರಿಯಿಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಸೇರಿಸಿ. ಜನವರಿ 10 ಆಗಿದ್ದರೆ ಅಕ್ಟೋಬರ್ 17. ಮುಟ್ಟು ಕ್ರಮವಾಗಿ ಬರದಿದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ, ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್ ಹೇಳುವ ದಿನವೇ ನಂಬಿಕೆಗೆ ಹೆಚ್ಚು ಅರ್ಹ. ಹಾಗಿದ್ದೂ ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು. “ಡೇಟು 17ಕ್ಕೆ ಇದೆ, 16ರವರೆಗೆ ಡ್ಯೂಟಿ ಮಾಡ್ತೀನಿ” ಎನ್ನುವವರ ಧೈರ್ಯಕ್ಕೆ ನಾನು ಬೆರಗಾಗಿದ್ದೇನೆ.

ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಮೊದಲು 12 ವಾರ ರಜೆ ಇತ್ತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಲೆಕ್ಕ ಉಳಿದಿದೆ. ಇದರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಇಬ್ಬರು ಮಕ್ಕಳಿರುವವರಿಗೆ 12 ವಾರ, ಮುಂಚೆ ತೆಗೆದುಕೊಳ್ಳಬಹುದಾದದ್ದು 6 ವಾರ. ಇಎಸ್ಐ ಸೌಲಭ್ಯವಿರುವವರಿಗೆ ಈ ರಜೆಯ ಹಣ ಇಎಸ್ಐನಿಂದಲೇ ಬರುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ 180 ದಿನ.

ಹಾಗಾಗಿ ಅಕ್ಟೋಬರ್ 17 ದಿನವಿರುವವಳು ಆಗಸ್ಟ್ 22ಕ್ಕೇ ರಜೆ ಹಾಕಿದರೆ ಹೆರಿಗೆಯ ನಂತರ 18 ವಾರ ಉಳಿಯುತ್ತದೆ. ಎರಡು ವಾರ ಮುಂಚೆ ಹಾಕಿದರೆ 24 ವಾರ. ಮಗುವಿಗೆ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವವರೂ ನಾವೇ ವೈದ್ಯರು. ಆರು ತಿಂಗಳೆಂದರೆ 26 ವಾರ. ಕೆಲಸಕ್ಕೆ ಹೋಗುವ ತಾಯಿ ಒಂದೊಂದು ವಾರವನ್ನೂ ಜೋಪಾನ ಮಾಡುವುದು ಹಟದಿಂದಲ್ಲ. ಮನೆಯವರು, ಗಂಡಂದಿರು ಇದನ್ನು ಅರ್ಥ ಮಾಡಿಕೊಳ್ಳಬೇಕು. “ದುಡ್ಡಿನ ಆಸೆ” ಎಂದು ಸೊಸೆಯ ಬೆನ್ನ ಹಿಂದೆ ನನಗೆ ಹೇಳಿದ ಅತ್ತೆಯರಿದ್ದಾರೆ. ಅವಳು ಕೂಡಿಡುತ್ತಿರುವುದು ನಿಮ್ಮ ಮೊಮ್ಮಗುವಿನ ಹಾಲಿನ ದಿನಗಳನ್ನು, ತಾಯೀ.

ಈ ಕಾನೂನಿನಲ್ಲಿ ಬಹಳ ಮಂದಿಗೆ ತಿಳಿಯದ ಎರಡು ವಿಷಯಗಳಿವೆ. ಹೆರಿಗೆಯ ದಿನಕ್ಕೆ ಸುಮಾರು 10 ವಾರ ಇರುವಾಗಿನಿಂದ, ಅಂದರೆ 30ನೆಯ ವಾರದಿಂದ, ಬಹಳ ಹೊತ್ತು ನಿಲ್ಲುವ ಇಲ್ಲವೆ ಶ್ರಮದ ಕೆಲಸ ಬೇಡವೆಂದು ಕೇಳುವ ಹಕ್ಕು ನಿಮಗಿದೆ. ಕೇಳಿದ ಮೇಲೆ ಅಂಥ ಕೆಲಸ ಹಚ್ಚುವಂತಿಲ್ಲ. ಎರಡನೆಯದು, ಬಸಿರಿನಿಂದಲೇ ಕಾಯಿಲೆ ಬಿದ್ದರೆ, ಅಥವಾ ಅವಧಿಗೆ ಮುಂಚೆ ಹೆರಿಗೆಯಾದರೆ, ದಾಖಲೆ ಕೊಟ್ಟು ಒಂದು ತಿಂಗಳವರೆಗೆ ಹೆಚ್ಚಿನ ರಜೆ ಪಡೆಯಬಹುದು. ಆ ನನ್ನ ರೋಗಿಗೆ ಇವೆರಡೂ ತಿಳಿದಿರಲಿಲ್ಲ. ಹೇಳಬೇಕಾದ ನನಗೂ ಆಗ ತಿಳಿದಿರಲಿಲ್ಲ.

ಹೊಲದಲ್ಲಿ ಕಳೆ ಕೀಳುವವರು, ಮನೆಗೆಲಸದವರು, ಇಟ್ಟಿಗೆ ಹೊರುವವರಿಗೆ ಈ 26 ವಾರ ಎಂಬುದು ಕಿವಿಗೆ ಬೀಳುವ ಮಾತು ಮಾತ್ರ. ಅವರಿಗಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5000 ರೂಪಾಯಿ ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6000. ಕೂಲಿಯ ಲೆಕ್ಕದಲ್ಲಿ ಎಷ್ಟು ದಿನಕ್ಕೆ ಬರುತ್ತದೆಂದು ನೀವೇ ಗುಣಿಸಿ ನೋಡಿ. ನಿಮ್ಮ ಮನೆಯ ಕೆಲಸದವಳು ಬಸುರಿಯಾಗಿದ್ದರೆ ಕೊನೆಯ ತಿಂಗಳು ಬಟ್ಟೆಯ ಬಕೆಟ್ಟು ಹೊತ್ತು ಮಹಡಿ ಹತ್ತಿಸಬೇಡಿ, ಹೆರಿಗೆಯ ತಿಂಗಳುಗಳ ಸಂಬಳ ಹಿಡಿಯಬೇಡಿ. ಇದಕ್ಕೆ ಕಾಯಿದೆ ಬೇಕಿಲ್ಲ.

ರಜೆ ಹಾಕಿದ ಮೇಲೆ

ಬ್ಯಾಂಕಿನ ಉದ್ಯೋಗಿಯೊಬ್ಬರು ಎಂಟನೆಯ ತಿಂಗಳು ಹಿಡಿದ ಕೂಡಲೇ ರಜೆ ಹಾಕಿದರು. ಮೂರು ವಾರದ ನಂತರ ಬಂದಾಗ ಮುಖ ಬಾಡಿತ್ತು. “ಬ್ಯಾಂಕೇ ವಾಸಿಯಿತ್ತು ಡಾಕ್ಟ್ರೇ” ಎಂದರು. ಮನೆಯಲ್ಲಿ ಇದ್ದಾಳಲ್ಲ ಎಂದು ಅಡುಗೆಯವಳನ್ನು ಬಿಡಿಸಿದ್ದರು. ಬೆಳಗ್ಗೆ ಐದೂವರೆಗೆ ಎದ್ದರೆ ಒಂಬತ್ತು ಮಂದಿಗೆ ತಿಂಡಿ, ಮಧ್ಯಾಹ್ನ ಅಡುಗೆ, ನಡುವೆ ಗೌರಿ ಹಬ್ಬ. ಬ್ಯಾಂಕಿನಲ್ಲಾದರೆ ಕುರ್ಚಿ ಇತ್ತು, ಫ್ಯಾನ್ ಇತ್ತು, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಇತ್ತು. ಮನೆಯವರು ಕೆಟ್ಟವರಲ್ಲ, ಮನೆಗೆಲಸ ಕೆಲಸವೆಂದು ಅವರಿಗೆ ಹೊಳೆದಿರಲಿಲ್ಲ. ಗಂಡನನ್ನು ಕರೆಸಿ ಮಾತಾಡಿದೆ. ಅಡುಗೆಯವಳು ವಾಪಸು ಬಂದಳು.

ಇದಕ್ಕೆ ತದ್ವಿರುದ್ಧವಾದ ಮನೆಗಳೂ ಇವೆ. ರಜೆ ಎಂದರೆ ಹಾಸಿಗೆ. ಲೋಟ ಎತ್ತಿಡಲೂ ಬಿಡುವುದಿಲ್ಲ. ಹಿಂದೆ ನಾವು ವೈದ್ಯರೂ ‘ಬೆಡ್ ರೆಸ್ಟ್’ ಎಂದು ಧಾರಾಳವಾಗಿ ಬರೆಯುತ್ತಿದ್ದೆವು. ಮಲಗಿಸಿದರೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಬದಲಿಗೆ ಸ್ನಾಯುಗಳು ಸೋಲುತ್ತವೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ತಜ್ಞರು ವಿಶೇಷ ಕಾರಣಕ್ಕೆ ಹೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಸಂಜೆ ಅರ್ಧ ಗಂಟೆ ನಡೆಯಿರಿ, ಮಧ್ಯಾಹ್ನ ಒಂದು ಗಂಟೆ ಮಗ್ಗುಲಾಗಿ ಮಲಗಿ. ಅಂಗಾತ ಮಲಗಬೇಡಿ; ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುತ್ತದೆ.

ನಮ್ಮ ಕಡೆ ಅನೇಕರ ರಜೆಯ ದಿನವನ್ನು ನಿರ್ಧರಿಸುವುದು ವೈದ್ಯರೂ ಅಲ್ಲ, ಕಚೇರಿಯೂ ಅಲ್ಲ, ತವರು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಅಮ್ಮ ಬಂದು ಕರೆದುಕೊಂಡು ಹೋಗುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಕೆಲಸದಲ್ಲಿರುವವಳು ರಜೆ ಉಳಿಸಲು ಹೋಗಿ, 38ನೆಯ ವಾರದಲ್ಲಿ ರಾತ್ರಿ ಬಸ್ಸು ಹತ್ತಿ ತವರು ಸೇರಿ, ಮೂರನೆಯ ದಿನ ಅಪರಿಚಿತ ಆಸ್ಪತ್ರೆಯಲ್ಲಿ ಹೆರುತ್ತಾಳೆ. ಅಲ್ಲಿಯ ವೈದ್ಯರಿಗೆ ಅವಳ ರಕ್ತದ ಗುಂಪು ಗೊತ್ತಿಲ್ಲ, ಹಿಂದಿನ ಒತ್ತಡದ ಲೆಕ್ಕ ಗೊತ್ತಿಲ್ಲ. ದೂರದ ತವರಿಗೆ ಹೋಗುವವರು 34, 35ನೆಯ ವಾರದೊಳಗೆ ಹೋಗಿ. ಹೆರಿಗೆಗೆ ಮೊದಲು ಅಲ್ಲಿನ ಆಸ್ಪತ್ರೆಗೆ ಎರಡು ಸಲವಾದರೂ ತೋರಿಸಿಕೊಂಡಿರಬೇಕು. ತಾಯಿ ಕಾರ್ಡು, ಸ್ಕ್ಯಾನಿಂಗ್, ರಕ್ತ ಪರೀಕ್ಷೆಯ ಕಾಗದಗಳು ಸೀರೆಗಳ ಕೆಳಗಲ್ಲ, ಕೈಚೀಲದಲ್ಲಿರಲಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ, ಅದನ್ನೂ ಉಪಯೋಗಿಸಿಕೊಳ್ಳಿ.

ಇನ್ನು ಕೆಲವರು ವಾರದ ಲೆಕ್ಕ ಹಾಕುತ್ತ ಕೂರುವಂತಿಲ್ಲ. ಅವಳಿ ಮಕ್ಕಳು, ಹಿಂದೊಮ್ಮೆ ಬೇಗ ಹೆರಿಗೆಯಾಗಿದ್ದವರು, ಮಾಸು ಕೆಳಗಿದ್ದು ರಕ್ತ ಕಂಡವರು, ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೆಂದು ಸ್ಕ್ಯಾನ್ ಹೇಳಿದವರು, ಒತ್ತಡ 140/90 ಮುಟ್ಟಿದವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದವರು ತಮ್ಮ ಪ್ರಸೂತಿ ತಜ್ಞರ ಮಾತಿನಂತೆ ಕೆಲಸ ನಿಲ್ಲಿಸಬೇಕು. ನನ್ನದೇ ಉದಾಹರಣೆ ಹೇಳಬಹುದು. ಮೊದಲ ಬಸಿರಿನಲ್ಲಿ ಹೆರಿಗೆಗೆ ನಾಲ್ಕು ದಿನ ಇರುವವರೆಗೂ ಇದೇ ಕುರ್ಚಿಯಲ್ಲಿ ಕುಳಿತು ರೋಗಿಗಳನ್ನು ನೋಡಿದೆ, ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಎರಡನೆಯದರಲ್ಲಿ 32ನೆಯ ವಾರ ರಕ್ತ ಕಂಡಿತು, ಮಾಸು ಕೆಳಗಿತ್ತು. ಮಾರನೆಯ ದಿನವೇ ಕ್ಲಿನಿಕ್ಕಿಗೆ ಬೀಗ ಹಾಕಿದೆ. ಅದೇ ಹೆಂಗಸು, ಅದೇ ಕೆಲಸ. “ನನ್ನ ಅಕ್ಕ ಕೊನೇ ದಿನದವರೆಗೂ ಹೋಗ್ತಿದ್ದಳು” ಎಂಬ ಹೋಲಿಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕೆಲಸದಲ್ಲಿರಿ, ಮನೆಯಲ್ಲಿರಿ, ಈ ಕೆಲವು ಲಕ್ಷಣ ಕಂಡರೆ ಅಲ್ಲಿಂದಲೇ ಎದ್ದು ಆಸ್ಪತ್ರೆಗೆ ಹೋಗಬೇಕು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಕೈ ಒಮ್ಮೆಗೇ ಬಾತುಕೊಳ್ಳುವುದು, ರಕ್ತ ಕಾಣುವುದು, ನೀರು ಹೋಗುವುದು, 37 ವಾರಕ್ಕೆ ಮುಂಚೆ ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ಸಡಿಲವಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು. ಪಾಳಿ ಮುಗಿಯಲಿ, ಗಂಡ ಬರಲಿ ಎಂದು ಕಾಯಬೇಡಿ. ಮಗುವಿನ ಚಲನೆಯ ಬಗ್ಗೆ ಒಂದು ಮಾತು. ದಿನ ಹತ್ತಿರವಾದಂತೆ ಮಗು ಸುಮ್ಮನಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಅದು ಸರಿಯಲ್ಲ, ಹೊರಳುವ ರೀತಿ ಬದಲಾಗಬಹುದು, ಚಲನೆ ಕಡಿಮೆಯಾಗಬಾರದು. ಕೆಲಸದ ಗದ್ದಲದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲವೂ ಅಲುಗಾಡದಿದ್ದರೆ ಬೆಳಗಾಗುವವರೆಗೆ ಕಾಯದೆ ಹೊರಡಿ.

ಮೊದಲು ಹೇಳಿದ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. 2.1 ಕಿಲೋ ಇದ್ದ ಮಗಳಿಗೆ ಈಗ ನಾಲ್ಕು ವರ್ಷ, ನನ್ನ ಸ್ಟೆತಸ್ಕೋಪ್ ಎಳೆದಾಡಿತು. ಇವಳಿಗೆ ಎರಡನೆಯದು, 30 ವಾರ. ಹಿಂದೆ ನಂಜಾಗಿತ್ತೆಂದು ಜಿಲ್ಲಾ ಆಸ್ಪತ್ರೆಯ ತಜ್ಞರು ಮೂರನೆಯ ತಿಂಗಳ ಕೊನೆಯಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಿದ್ದಾರೆ. ಒತ್ತಡ 118/76 ಇತ್ತು. ಚೀಟಿ ಕೇಳಿದಳು. ಈ ಸಲ ಫಿಟ್ ಎಂದಲ್ಲ. “ಕೂತ್ಕೊಂಡು ದಾರ ಕತ್ತರಿಸೋ ಕೆಲಸಕ್ಕೆ ಹಾಕಿ ಅಂತ ಬರೀರಿ ಮೇಡಂ. 34ಕ್ಕೆ ಬಿಡ್ತೀನಿ, ಅಮ್ಮನ ಮನೆಗೆ ಹೋಗ್ತೀನಿ.” ಎರಡು ಪ್ರತಿ ಬರೆದು ಸೀಲು ಹಾಕಿ ಕೊಟ್ಟೆ. ಒಂದು ಕಾರ್ಖಾನೆಗೆ, ಇನ್ನೊಂದು ಅವಳಲ್ಲಿಯೇ ಇರಲಿ ಎಂದು.